ಕಾಗದದೊಳಗಿನ ಹೆಣ್ಣು ಚಿಟ್ಟೆ

ಸತ್ತವನ ಚಿಟ್ಟೆ ಪೆಟ್ಟಿಗೆಗಳನ್ನು ವಸ್ತುಸಂಗ್ರಹಾಲಯಕ್ಕೆ ತಂದವನು ಅವನ ಅಣ್ಣ. ಅಲ್ಲಿ ಕೀಟ ವಿಭಾಗ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಚಿಟ್ಟೆಯಕ್ಕ ಅನ್ನುತ್ತಿದ್ದರು. ಅವಳು ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ಪ್ರತಿ ಚಿಟ್ಟೆಯ ಕೆಳಗೂ ಸೂಜಿಗೆ ಪೋಣಿಸಿದ ಪುಟ್ಟ ಚೀಟಿ, ಹಿಡಿದ ಜಾಗ, ಹಿಡಿದ ದಿನ. ಹುಡುಗ ಕೆಲಸದಲ್ಲಿ ಅಚ್ಚುಕಟ್ಟು ಅಂದುಕೊಂಡಳು.

ಕೊನೆಗೆ ಅಣ್ಣ ಮೂರು ಮೂಲೆಯಾಗಿ ಮಡಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟ. “ಇದು ಅವನ ಜೇಬಲ್ಲಿತ್ತು. ಕಣಿವೆಯಿಂದ ಮೇಲೆತ್ತಿದಾಗ ಸಿಕ್ತು.”

ಒಳಗೊಂದು ಕಪ್ಪು ಕವಲುಬಾಲದ ಚಿಟ್ಟೆ. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

ಅಷ್ಟು ಹೊತ್ತೂ ಕುರ್ಚಿಯ ತುದಿಯಲ್ಲಿ ಕೂತಿದ್ದ ತಾಯಿ ಆಗ ಬಾಯಿಬಿಟ್ಟರು. “ಇದು ಯಾವ ಚಿಟ್ಟೆ ಅಂತ ಹೇಳ್ತೀರಾ? ಕೊನೇಲಿ ಅವನು ನೋಡಿದ್ದು ಏನು ಅಂತ ನನಗೆ ಗೊತ್ತಾಗ್ಬೇಕು.”

ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ತಮ್ಮನಿಗೂ ಅಣ್ಣನಿಗೂ, ಅವನು ಸತ್ತ ದಿನ ಬೆಳಿಗ್ಗೆ ಮಾತಿಗೆ ಮಾತು ಬೆಳೆದಿತ್ತು. ತಮ್ಮ ಬಲೆ ಹೆಗಲಿಗೇರಿಸಿಕೊಂಡು ಬೆಟ್ಟಕ್ಕೆ ಹೋದವನು ಬರಲಿಲ್ಲ. ಪೊಲೀಸರು ಕೇಳಿದಾಗ, ಜೀವನವೇ ಸಾಕು ಅಂತಿದ್ದ ಎಂದು ಅಣ್ಣ ಹೇಳಿದ್ದ. ಹಾರಿಕೊಂಡ ಎಂದು ಬರೆದು ಅವರು ಕೈತೊಳೆದುಕೊಂಡರು. ಊರೂ ಅದನ್ನೇ ಆಡಿಕೊಂಡಿತು.

“ನೋಡಿದ ಕೂಡಲೇ ಹೇಳೋಕಾಗಲ್ಲಮ್ಮ,” ಎಂದಳು ಚಿಟ್ಟೆಯಕ್ಕ. “ಇಂಥವು ಎರಡು ಜಾತಿ ಇವೆ. ಒಂದು ಮನೆ ಹಿತ್ತಲಿಗೂ ಬರುತ್ತೆ. ಇನ್ನೊಂದು ತೀರಾ ಅಪರೂಪ, ಬೆಟ್ಟದ ನೆತ್ತಿ ಬಿಟ್ಟು ಇಳಿಯಲ್ಲ. ರೆಕ್ಕೆ ನೋಡಿದ್ರೆ ಅವಳಿ ಜವಳಿ. ಹೊಟ್ಟೆ ಬಿಚ್ಚಿದ್ರೇ ಗೊತ್ತಾಗೋದು.”

“ಆಸ್ಪತ್ರೇಲಿ ಅವನನ್ನ ಕೊಯ್ದಿದ್ದು ಸಾಲದಾ? ಇದನ್ನೂ ಕೊಯ್ಯಬೇಕಾ?”

“ಅಮ್ಮಾ, ಅದೊಂದು ಹುಳ,” ಎಂದ ಮಗ.

“ನೀನು ಸುಮ್ನಿರು.”

ತಾಯಿ ಆ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದುಹೋದರು. ಕೆಲವು ವಾರ ಸುದ್ದಿಯಿರಲಿಲ್ಲ. ಆಮೇಲೊಂದು ದಿನ ಒಬ್ಬರೇ ಬಂದು ಅದನ್ನು ಚಿಟ್ಟೆಯಕ್ಕನ ಅಂಗೈಯಲ್ಲಿಟ್ಟರು. “ರೆಕ್ಕೆಗೆ ಮಾತ್ರ ಏನೂ ಆಗಬಾರದು ತಾಯಿ.”

ಚಿಟ್ಟೆಯಕ್ಕ ಒಣಗಿದ ಹೊಟ್ಟೆಯನ್ನು ಚಿಮಟದಿಂದ ಮೆಲ್ಲಗೆ ಬೇರ್ಪಡಿಸಿ, ಕ್ಷಾರದ ನೀರಿನಲ್ಲಿ ಕಾಯಿಸಿ ಮೆತ್ತಗಾಗಿಸಿದಳು. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಬಿಚ್ಚಿದಾಗ ಜಾತಿ ಗೊತ್ತಾಗಲು ತಡವಾಗಲಿಲ್ಲ. ಆದರೂ ಅವಳು ಕಣ್ಣು ತೆಗೆಯಲಿಲ್ಲ. ಮತ್ತೆ ಎದೆಯ ಭಾಗ ನೋಡಿದಳು, ರೆಕ್ಕೆಯ ಅಂಚು ನೋಡಿದಳು. ಅವನ ಹಳೆಯ ಪೆಟ್ಟಿಗೆಗಳನ್ನೆಲ್ಲ ಇನ್ನೊಮ್ಮೆ ಇಳಿಸಿಕೊಂಡಳು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು.

ಮರುದಿನ ತಾಯಿ ಮಗ ಇಬ್ಬರನ್ನೂ ಕರೆಸಿದಳು.

“ಇದು ಸಾಮಾನ್ಯದ್ದೇ ಅಮ್ಮ. ಹಿತ್ತಲಿನ ನಿಂಬೆ ಗಿಡಕ್ಕೆ ಬರೋದು.”

“ಮನೇಲೇ ಸಿಗೋದಕ್ಕೆ ಅಲ್ಲೀವರೆಗೂ ಹೋದ್ನಾ?” ಎಂದರು ತಾಯಿ.

“ಅವನಿಗದು ಗೊತ್ತಾಗಿರಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೇ ಗೊತ್ತಾಗಲಿಲ್ಲ. ಅಪರೂಪದ್ದೇ ಸಿಕ್ತು ಅಂದುಕೊಂಡಿರ್ತಾನೆ.” ಅವಳು ಚಿಟ್ಟೆಯನ್ನು ಅವರ ಮುಂದಕ್ಕೆ ಸರಿಸಿದಳು. “ಇನ್ನೊಂದು ವಿಷಯ ಇದೆ. ಚಿಟ್ಟೆ ಹಿಡಿದ ಕೂಡಲೇ ನಾವು ಎದೆ ಒತ್ತಿ ಕೊಂದುಬಿಡ್ತೀವಿ. ಅವನ ಪೆಟ್ಟಿಗೇಲಿರೋ ಎಲ್ಲದರ ಎದೆಯೂ ಅಪ್ಪಚ್ಚಿ. ಇದೊಂದನ್ನ ಒತ್ತಿಲ್ಲ. ಕಾಗದದೊಳಗೆ ಒದ್ದಾಡಿ ರೆಕ್ಕೆ ಅಂಚೆಲ್ಲ ಹರಿದಿದೆ. ಇದು ಹೆಣ್ಣು. ಹೊಟ್ಟೆ ತುಂಬ ಮೊಟ್ಟೆ. ಮನೇಲಿ ಮೊಟ್ಟೆ ಇಡಿಸಿ ಮರಿ ಮಾಡ್ಬೇಕು ಅನ್ನೋರು ಮಾತ್ರ ಹೀಗೆ ಜೀವಂತ ತರೋದು.”

ತಾಯಿ ಬಾಗಿ ಹರಿದ ರೆಕ್ಕೆಯಂಚು ನೋಡಿದರು. ಆಮೇಲೆ, “ಮಹಡಿ ಮೇಲೆ ನಿಂಬೆ ಕುಂಡಗಳಿಗೆ ಸೊಳ್ಳೆಪರದೆ ಕಟ್ಟಿದ್ದ,” ಎಂದರು. “ಯಾಕೋ ಅಂದ್ರೆ ನಕ್ಕಿದ್ದ.”

“ಯಾಕೆ ಬಿದ್ದ ಅಂತ ನಾನು ಹೇಳಲಾರೆ ಅಮ್ಮ. ಹಿಡಿದಾಗ ಅವನಿಗೆ ಮನೆಗೆ ಬರೋ ಯೋಚನೆ ಇತ್ತು. ಅಷ್ಟು ಹೇಳಬಲ್ಲೆ.”

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಎದೆಯ ಮೇಲಿನ ಬಂಡೆ ಇಳಿದವನಂತೆ ಬಿಕ್ಕಿದ. “ಹಾಗಾದ್ರೆ ನಾನು ಬೈದಿದ್ದಕ್ಕಲ್ಲ. ಅಮ್ಮಾ, ಕೇಳಿಸ್ತಾ? ನನ್ನಿಂದಲ್ಲ.”

“ಕೇಳಿಸ್ತು. ನಿನ್ನಿಂದ ಸಾಯಲಿಲ್ಲ.” ತಾಯಿ ಅವನತ್ತ ತಿರುಗಿದರು. “ಬದುಕೋಕೆ ಹೊರಟವನನ್ನ ಸಾಯೋಕೆ ಹೋದ ಅಂತ ಕಂಡಕಂಡವರ ಮುಂದೆ ಹೇಳಿದ್ದು ಯಾರು? ನೆಂಟರೊಬ್ಬರೂ ಅವನ ಮುಖ ನೋಡೋಕೆ ಬರಲಿಲ್ಲ. ಕಳ್ಳರ ಹಾಗೆ ಅವನನ್ನ ಕಳಿಸಿದ್ವಿ. ನಾನೂ ನಿನ್ನ ಮಾತು ನಂಬಿ ಅವನಿಗೆ ಶಾಪ ಹಾಕಿದೆ ಕಣೋ.”

ತಾಯಿ ಎದ್ದು ಹೊರಟಾಗ ಮಗ ಹಿಂದೆಯೇ ಬಂದ. ಮೆಟ್ಟಿಲಿನ ಹತ್ತಿರ ತಾಯಿಯ ತೋಳು ಹಿಡಿಯಲು ಹೋದ. ಅವರು ಕೊಸರಿಕೊಂಡು, ಕಬ್ಬಿಣದ ಕಂಬಿ ಹಿಡಿದು ಒಬ್ಬರೇ ಇಳಿದರು. ಚಿಟ್ಟೆಯಕ್ಕ ಕಿಟಕಿಯಿಂದ ನೋಡಿದಾಗ ತಾಯಿ ಬೀದಿ ದಾಟಿಯಾಗಿತ್ತು. ಮಗ ಇನ್ನೂ ಈಚೆ ದಡದಲ್ಲಿ, ವಾಹನಗಳ ಸಾಲು ಮುಗಿಯಲೆಂದು ಕಾಯುತ್ತ ನಿಂತಿದ್ದ. ತಾಯಿ ಅವನಿಗಾಗಿ ನಿಲ್ಲಲಿಲ್ಲ.