ಜೇಡಿಮಣ್ಣಿನ ಕೆರೆ

ಅಳತೆಯ ಸರಪಳಿಯ ತುದಿಯನ್ನು ಎದೆಗೊತ್ತಿ ಹಿಡಿದುಕೊಂಡು ಗುಲಾಬಿ ಇನ್ನೆರಡು ಹೆಜ್ಜೆ ಮುಂದೆ ಹೋದಳು. ನೀರು ಸೊಂಟ ದಾಟಿತು. ಕಾಲ್ಬೆರಳುಗಳ ಸಂದಿಯಲ್ಲಿ ಕೆಸರು ಬೆಣ್ಣೆಯ ಹಾಗೆ ಮೇಲೆದ್ದಿತು. ದಡದಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನಿಂತಿದ್ದ ಸರ್ವೇಯರ್ ಅಲ್ಲೇ ನಿಲ್ಲುವಂತೆ ಕೈ ಮಾಡಿದ.

“ಇನ್ನೂ ನಾಲ್ಕು ಹೆಜ್ಜೆ ಹೋಗಬಹುದು ಸರ್. ಆಮೇಲೆ ಮೆಟ್ಟಿಲು ಉಂಟು. ಮೂರು. ಅದು ಕಳೆದರೆ ಎರಡಾಳು ನೀರು.”

“ನೀರಿನಡಿಯ ಮೆಟ್ಟಿಲು ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ಲದೆ ಎಂತ? ನಾವೇ ಕಡಿದದ್ದಲ್ವಾ.”

ಸರ್ವೇಯರನ ಜೊತೆಗೆ ಬಂದಿದ್ದ ಆಳು ಈಜು ಬಾರದೆಂದು ನೀರಿಗೆ ಇಳಿಯಲು ಒಪ್ಪಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಗುಲಾಬಿ ಅವನನ್ನು ನೋಡಿ ನಕ್ಕು, ಸೀರೆ ಎತ್ತಿ ಕಟ್ಟಿ, ತಾನಾಗಿಯೇ ಸರಪಳಿ ಹಿಡಿದಿದ್ದಳು. ಯಾರೋ ಓದಿದವರು ತನ್ನನ್ನು ಕೇಳಿ ಬರೆದುಕೊಳ್ಳುತ್ತಿದ್ದಾರೆ ಎಂಬ ಹುರುಪಿನಲ್ಲಿ ಈಗ ಅವಳಿಗೆ ಮಾತು ನಿಲ್ಲಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಇಲ್ಲಿ ಗದ್ದೆಯಿತ್ತು. ಅದನ್ನು ಹಂಚಿನ ಕಾರ್ಖಾನೆಯವರು ಕೊಂಡು ಜೇಡಿಮಣ್ಣು ತೆಗೆಸಿದರು. ಗಂಡಸರು ಹಾರೆಯಲ್ಲಿ ಕಡಿಯುವುದು, ಆರು ಜನ ಹೆಂಗಸರು ಬುಟ್ಟಿಯಲ್ಲಿ ಹೊರುವುದು. ಆರು ವರ್ಷ ಹಾಗೆ ನಡೆಯಿತು. ಆಮೇಲೆ ಮಣ್ಣು ಮುಗಿಯಿತು, ಮಳೆ ಬಂತು. ಅವಳು ಹೇಳಿದ್ದೆಲ್ಲವನ್ನೂ ಸರ್ವೇಯರ್ ಪುಸ್ತಕದಲ್ಲಿ ಬರೆದುಕೊಂಡ. ಅವನ ಬೆನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದ ಸರ್ವೋತ್ತಮ ಶೆಟ್ಟರು ಎರಡು ಹೆಜ್ಜೆ ಹತ್ತಿರ ಬಂದು ಕೇಳಿಸಿಕೊಂಡರು. ಕಾರ್ಖಾನೆಯ ಜಾಗವನ್ನೆಲ್ಲ ಕೊಂಡು, ಸೈಟುಗಳಾಗಿ ಮಾಡಿ ಮಾರಲು ಹೊರಟಿದ್ದವರು ಅವರೇ.

ತಾನು ಎಂಥ ಮಾತು ಆಡಿದೆನೆಂದು ಗುಲಾಬಿಗೆ ತಿಳಿದದ್ದು ಅಂದು ಸಂಜೆ.

ದೇರೆಬೈಲಿನ ಆ ತಗ್ಗಿನಲ್ಲಿ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಹೊಗೆ ಬಿಡದ ಚಿಮಣಿ, ಬಾಗಿಲಿಲ್ಲದ ಒಣಗಿಸುವ ಶೆಡ್ಡುಗಳು, ಕೂಲಿಯವರ ಲೈನ್ ಮನೆಗಳ ಒಂದು ಸಾಲು, ಆ ಸಾಲಿನ ಕೊನೆಯ ಮನೆಯಲ್ಲಿ ಗುಲಾಬಿ ಮತ್ತು ಅವಳ ಮಗಳು ಶಶಿಪ್ರಭಾ. ಲೈನನ್ನು ಇಂದೋ ನಾಳೆಯೋ ಕೆಡವುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಬಂದ ಶೆಟ್ಟರು ಆ ಮನೆಯ ಚಾವಡಿಯ ಅಂಚಿನಲ್ಲಿ ಕುಳಿತು, ಶಶಿಪ್ರಭಾ ತಂದಿಟ್ಟ ಬೆಲ್ಲ ಕಚ್ಚಿ, ನೀರು ಕುಡಿದರು. ಇಷ್ಟು ವರ್ಷ ಹೆಸರು ಹಿಡಿದು ಕೂಗುತ್ತಿದ್ದ ಬಾಯಿ ಇಂದು “ಗುಲಾಬಿಯಕ್ಕ” ಎಂದಿತು.

ಅವರು ಮುಚ್ಚುಮರೆಯಿಲ್ಲದೆ ಮಾತಾಡಿದರು. ಕೆರೆಗೆ ಮಣ್ಣು ತುಂಬಿಸಬಾರದೆಂದು ಗುಡ್ಡೆಯ ಮೇಲಿನ ಮನೆಯವರು ತಕರಾರು ಹಾಕಿದ್ದಾರೆ. ಅದು ಅನಾದಿ ಕಾಲದ ಕೆರೆಯಂತೆ, ಸರಕಾರದ್ದಂತೆ. ಹಳೆಯ ನಕ್ಷೆಯಲ್ಲಿ ಏನೂ ಸ್ಪಷ್ಟವಿಲ್ಲ, ಕಾರ್ಖಾನೆಯ ಕಾಗದಗಳನ್ನು ಗೆದ್ದಲು ತಿಂದಿದೆ. ಅದು ಕಾರ್ಖಾನೆಯವರು ತೋಡಿದ ಗುಂಡಿ ಎಂದು ಕಣ್ಣಾರೆ ಕಂಡವರೊಬ್ಬರು ಬರೆದು ಕೊಟ್ಟರೆ ತಹಶೀಲ್ದಾರರು ಮಣ್ಣು ಹಾಕಲು ಒಪ್ಪುತ್ತಾರೆ. ಕಂಡವರ ಪೈಕಿ ಉಳಿದಿರುವುದು ಗುಲಾಬಿ ಒಬ್ಬಳೇ.

“ನಾನು ಸುಳ್ಳು ಹೇಳಲು ಹೇಳುವುದಿಲ್ಲ. ಬೆಳಿಗ್ಗೆ ನೀವು ನಿಮ್ಮ ಬಾಯಲ್ಲಿ ಹೇಳಿದ್ದನ್ನೇ ಕಾಗದದಲ್ಲಿ ಹೇಳಿ. ನಲವತ್ತು ಮನೆ ಆಗ್ತದೆ ಇಲ್ಲಿ. ಬಂದರಿನ ಗೋದಾಮಿನ ಮೇಲೆ ಒಂದು ಕೋಣೆಯಲ್ಲಿ ಆರು ಜನ ಇರುವ ಗುಮಾಸ್ತರು ಹೆಸರು ಕೊಟ್ಟಿದ್ದಾರೆ. ಕುವೈತಿನಲ್ಲಿ ನರ್ಸ್ ಆಗಿರುವ ಹುಡುಗಿಯರು ಕೊಟ್ಟಿದ್ದಾರೆ. ಅವರಿಗೂ ಗೂಡು ಬೇಡ್ವಾ?”

ನಂತರ, ಎದ್ದು ಚಪ್ಪಲಿ ಮೆಟ್ಟುತ್ತ, ಅತಿ ಸಾಮಾನ್ಯ ಸಂಗತಿಯೆಂಬಂತೆ ಇನ್ನೊಂದು ಮಾತು ಹೇಳಿದರು. ರಸ್ತೆ ಬದಿಯಲ್ಲಿ ನಾಲ್ಕು ಸೆಂಟ್ಸ್ ಗುಲಾಬಿಯ ಹೆಸರಿಗೆ. ಮೇಲೆ ಎರಡು ಕೋಣೆ ಕಟ್ಟಿಸಿ, ಬಾವಿಯೊಂದನ್ನೂ ತೋಡಿಸಿ ಕೊಡುವುದು.

ಒಳಗೆ ಬೀಡಿ ಕಟ್ಟುತ್ತಿದ್ದ ಶಶಿಪ್ರಭಾಳ ಕೈ ನಿಂತಿತು.

ಬಾವಿ ಎಂಬ ಮಾತನ್ನು ಗುಲಾಬಿ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಮೂವತ್ತೈದು ವರ್ಷ ಅವಳು ಲೈನಿನ ಬಾವಿಯಲ್ಲಿ ಸರದಿ ಕಾದಿದ್ದಳು. ಬೆಳಗಿನ ಕತ್ತಲಲ್ಲಿ ಕೊಡ ಇಟ್ಟು ಜಾಗ ಹಿಡಿದಿದ್ದಳು, ಬಾಣಂತಿಯಾಗಿದ್ದಾಗಲೂ ಹಗ್ಗಕ್ಕಾಗಿ ಜಗಳ ಕಾದಿದ್ದಳು. ತನ್ನದೇ ಬಾವಿಯ ಕಟ್ಟೆಯ ಮೇಲೆ ಕುಳಿತು, ಯಾರೂ ಹಿಂದೆ ಕಾಯುತ್ತಿಲ್ಲವೆಂದು ತಿಳಿದು, ನಿಧಾನವಾಗಿ ಒಂದು ಕೊಡ ನೀರು ಸೇದುವುದು. ಅಷ್ಟೇ ಅವಳು ಈ ಜನ್ಮದಲ್ಲಿ ಬಯಸಿದ್ದು. ಗಂಡ ಅಣ್ಣು ಬದುಕಿರುವಾಗ ಇದನ್ನು ಹೇಳಿದರೆ ನಗುತ್ತಿದ್ದ. ಊರಿಗೆಲ್ಲ ಗುಂಡಿ ತೋಡಿದ ನನಗೆ ನಿನಗೊಂದು ಬಾವಿ ತೋಡುವುದು ದೊಡ್ಡದಲ್ಲ, ಮೊದಲು ಜಾಗ ತೋರಿಸು ಎನ್ನುತ್ತಿದ್ದ. ಜಾಗ ಸಿಗಲಿಲ್ಲ, ಅವನೂ ಹೋದ.

“ಎಂತ ಯೋಚನೆ ಮಾಡ್ತೀ ಅಮ್ಮ?” ಶೆಟ್ಟರ ಕೊಡೆ ಮರೆಯಾಗುವುದನ್ನೇ ಕಾದಿದ್ದ ಶಶಿಪ್ರಭಾ ಕೇಳಿದಳು. ಅವಳಿಗೆ ಇಪ್ಪತ್ತೊಂಬತ್ತು. ನೋಡಲು ಬಂದವರೆಲ್ಲ ಮನೆ ಯಾರದು ಎಂದು ಕೇಳಿ, ಚಹಾ ಕುಡಿದು ಹೋಗಿದ್ದರು. “ಇದ್ದದ್ದನ್ನು ಇದ್ದ ಹಾಗೆ ಹೇಳ್ಲಿಕ್ಕೆ ಯೋಚನೆ ಯಾಕೆ?”

ಗುಲಾಬಿ ಶೆಟ್ಟರು ಕುಡಿದಿಟ್ಟ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬಂದವರು ಎವ್ಲಿನ್ ಟೀಚರ್. ಕೊಡಿಯಾಲ್‌ಬೈಲಿನ ಶಾಲೆಯೊಂದರಲ್ಲಿ ಕಲಿಸುವವರು, ಗುಡ್ಡೆಯ ಮೇಲೆ ಮನೆ. ಐದಾರು ವರ್ಷಗಳಿಂದ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಕೆರೆಯ ಬಳಿ ಬಂದು, ಕಂಡ ಹಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತಕರಾರು ಅರ್ಜಿಯ ಹಿಂದೆ ಇದ್ದವರು ಅವರೇ. ಹೋದ ಬೇಸಿಗೆಯಲ್ಲಿ ಗುಲಾಬಿ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಎಂತಕ್ಕೆ ಎಂದು ಕೇಳಿದಾಗ ಹಕ್ಕಿಗಳಿಗಾಗಿ ಎಂದಿದ್ದರು, ಅಷ್ಟು ಸಾಕಾಗಿತ್ತು.

ಟೀಚರ ಮುಖ ಬಾಡಿತ್ತು. ಅವರು ಅತ್ತಿತ್ತ ನೋಡಿ, ನಿನ್ನೆ ಹೇಳಿದ್ದು ಬೇರೆ ಗುಂಡಿಯ ವಿಚಾರ, ನೆನಪು ತಪ್ಪಿತು ಎಂದು ಸರ್ವೇಯರರಿಗೆ ಹೇಳಬಹುದಲ್ಲ ಎಂದರು.

“ಸುಳ್ಳು ಹೇಳುವುದಾ ಟೀಚರ್?”

ಟೀಚರ್ ತಲೆ ತಗ್ಗಿಸಿದರು. “ಹಕ್ಕಿ ಉಂಟು ಅಂತ ಬರೆದರೆ ಯಾವ ಆಫೀಸಿನಲ್ಲೂ ಓದುವುದಿಲ್ಲ ಗುಲಾಬಿಯಕ್ಕ. ಹಳೆಯ ಕೆರೆ ಅಂತ ಬರೆದರೆ ಫೈಲ್ ತೆರೀತಾರೆ. ಅದಕ್ಕೆ ಹಾಗೆ ಬರೆದೆ.”

“ಹಾಗಾದರೆ ನಿಮ್ಮ ಕಾಗದದಲ್ಲಿ ನಾವು ಇಲ್ಲ.”

ಟೀಚರಿಗೆ ಅರ್ಥವಾಗಲಿಲ್ಲ.

“ನಾನು, ಸಾರಮ್ಮ, ಉಮಾವತಿ, ಗೆರ್ಟ್ರೂಡ್. ನಾವು ಹೊತ್ತ ಮಣ್ಣು ಎಂತಾಯಿತು? ಅನಾದಿ ಕಾಲದಲ್ಲಿ ನಾವು ಇರಲಿಲ್ಲವಲ್ಲ.” ಅವಳ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಟೀಚರ್ ಗುಡ್ಡೆ ಹತ್ತಿದರು.

ಗುಲಾಬಿ ಕೆರೆಯ ಕಡೆ ಹೋದಳು. ಮಳೆ ಬಿಟ್ಟು ಹತ್ತು ದಿನವಾಗಿತ್ತು. ನೈದಿಲೆಯ ಎಲೆಗಳು ನೀರನ್ನೆಲ್ಲ ಮುಚ್ಚಿದ್ದವು. ಆ ಎಲೆಗಳ ಮೇಲೆ ಉದ್ದ ಬೆರಳುಗಳ ಒಂದು ಹಕ್ಕಿ ನೆಲದ ಮೇಲೆ ನಡೆದಂತೆ ನಡೆಯುತ್ತಿತ್ತು, ಹಿಂದೆ ಮೂರು ಮರಿಗಳು. ಟೀಚರ್ ಅದಕ್ಕೆ ಯಾವುದೋ ಹೆಸರು ಹೇಳಿದ್ದರು. ಗುಲಾಬಿ ಮಾತ್ರ ಅದನ್ನು ಸಾರಮ್ಮನ ಹಕ್ಕಿ ಎನ್ನುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇದ್ದಾಗಲೂ ಸಾರಮ್ಮ ಹಾಗೆಯೇ, ಕಾಲಡಿ ಭಾರವಿಲ್ಲದವಳಂತೆ ನಡೆಯುತ್ತಿದ್ದಳು. ಕೆಲಸ ನಿಂತ ವರ್ಷ ಮೊದಲ ಮಳೆಗೆ ಗುಂಡಿ ತುಂಬಿದಾಗ, ದಡದಲ್ಲಿ ನಿಂತು, “ನೋಡು ಗುಲಾಬಿ, ನಾವು ಸಮುದ್ರ ಮಾಡಿದೆವು” ಎಂದಿದ್ದಳು. ಹಕ್ಕಿಗಳು ಬರತೊಡಗಿದ್ದು ಅದರ ಮೂರನೆಯ ವರ್ಷ. ಅಷ್ಟರಲ್ಲಿ ಸಾರಮ್ಮ ಕೆಮ್ಮುತ್ತ ಹಾಸಿಗೆ ಹಿಡಿದಿದ್ದಳು. ಗುಲಾಬಿ ಹೋಗಿ ಹಕ್ಕಿಗಳ ಸುದ್ದಿ ಹೇಳುತ್ತಿದ್ದಳು, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳನ್ನು ಒಮ್ಮೆ ಎತ್ತಿಕೊಂಡಾದರೂ ಬಂದು ತೋರಿಸಬೇಕಿತ್ತು. ಆ ಒಂದು ಕೆಲಸ ಆಗದೇ ಉಳಿಯಿತು.

ಅವರು ಹೊತ್ತ ಮಣ್ಣು ಹಂಚಾಗಿ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗಿತ್ತು. ಯಾವ ಊರಿನ ಯಾವ ಮಾಡಿನ ಮೇಲೆ ಅದು ಇದೆಯೋ ಯಾರಿಗೆ ಗೊತ್ತು. ಕೈಯಾರೆ ಮಾಡಿದ್ದರಲ್ಲಿ ಹೋಗಿ ನೋಡಲು ಉಳಿದದ್ದು ಇದೊಂದೇ, ಮಣ್ಣು ತೆಗೆದ ಖಾಲಿ. ಅದರಲ್ಲಿ ಬೇರೆ ಯಾರೋ ಬಂದು ಸಂಸಾರ ಹೂಡಿದ್ದರು.

ಶನಿವಾರ ಮೂರು ಲಾರಿ ಕೆಂಪು ಮಣ್ಣು ಬಂತು. ಲಾರಿ ತಿರುಗಿಸಲು ಜಾಗ ಮಾಡುವುದಷ್ಟೇ, ಕೆರೆ ತುಂಬಿಸುವುದಲ್ಲ ಎಂದು ಚಾಲಕ ಹೇಳಿದ. ಮಣ್ಣು ಬಿದ್ದದ್ದು ಪಡುವಣ ಮೂಲೆಯ ಜೊಂಡಿನ ಮೇಲೆ. ಅಲ್ಲಿ ಜಂಬುಕೋಳಿಯ ಗೂಡಿತ್ತು. ಲಾರಿ ಹೋದ ಮೇಲೆ ಎರಡು ಹಕ್ಕಿಗಳು, ಕೆಂಪು ಕಾಲುಗಳನ್ನು ಎತ್ತಿ ಎತ್ತಿ ಇಡುತ್ತ, ರಾಶಿಯ ಸುತ್ತ ನಡೆದವು. ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ. ದಾರಿ ತಪ್ಪಿದ್ದು ತಾವೇ ಎಂಬಂತೆ.

ಗುಲಾಬಿ ಮನೆಗೆ ಬಂದು, ಅಟ್ಟದಿಂದ ಬುಟ್ಟಿ ಇಳಿಸಿ, ಹಳೆಯ ಸೀರೆಯ ತುಂಡನ್ನು ಸಿಂಬೆ ಸುತ್ತಿದಳು. ನಂತರ ಕೆರೆಯ ಮೂಲೆಗೆ ಹೋಗಿ, ಹಾರೆಯಿಂದ ಕೆಂಪು ಮಣ್ಣು ಕೆದರಿ, ಬುಟ್ಟಿ ತುಂಬಿ, ತಲೆಗೇರಿಸಿ, ಗಟ್ಟಿ ನೆಲಕ್ಕೆ ಒಯ್ದು ಸುರಿದಳು. ಮತ್ತೆ ಬಂದಳು. ದಾರಿಹೋಕನೊಬ್ಬ ನಿಂತು, ಎಷ್ಟು ವರ್ಷದ ಗುತ್ತಿಗೆ ಮಾರಾಯ್ತಿ ಎಂದು ಕೇಳಿ ನಕ್ಕು ಹೋದ. ಹತ್ತನೆಯ ಬುಟ್ಟಿಗೆ ಅವಳ ಕುತ್ತಿಗೆ ಉಳುಕಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊತ್ತರೂ ರಾಶಿ ಕರಗಿದಂತೆ ಕಾಣಲಿಲ್ಲ.

ಊಟದ ಹೊತ್ತಿಗೆ ಶಶಿಪ್ರಭಾ ಹುಡುಕಿಕೊಂಡು ಬಂದಳು. ಬಂದವಳೇ ಬುಟ್ಟಿ ಕಿತ್ತುಕೊಂಡಳು.

“ಈ ಕೆರೆ ಇಲ್ಲದಿದ್ದರೆ ಹಕ್ಕಿಗಳು ಇನ್ನೊಂದು ಕೆರೆಗೆ ಹೋಗ್ತವೆ. ನಾವು ಎಲ್ಲಿಗೆ ಹೋಗುವುದು? ಅದನ್ನು ಹೇಳು.”

ಗುಲಾಬಿ ಮಗಳ ಮುಖ ನೋಡಿದಳು. ಬೀಡಿ ಎಲೆಯ ಮೇಲೆ ಬಾಗಿ ಬಾಗಿ ಆ ಹೆಗಲುಗಳು ಆಗಲೇ ಗೂನಾಗಿದ್ದವು. ಅವಳು ಕೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ತಾಯಿ ನೆಲದ ಮೇಲೆ ಕುಳಿತಳು, ಮಗಳೂ ಸ್ವಲ್ಪ ದೂರದಲ್ಲಿ ಕುಳಿತಳು. ಹಕ್ಕಿಗಳು ರಾಶಿಯ ಸುತ್ತ ಬಂದವು, ಹೋದವು. ಹುಟ್ಟಿದಂದಿನಿಂದ ಇದೇ ದಡದಲ್ಲಿದ್ದ ಶಶಿಪ್ರಭಾ ಅವುಗಳನ್ನು ಇಷ್ಟು ಹೊತ್ತು ನೋಡಿದ್ದು ಬಹುಶಃ ಅದೇ ಮೊದಲು.

“ಮೊಟ್ಟೆ ಇತ್ತಾ ಅದರಲ್ಲಿ?” ಎಂದು ಕೊನೆಗೆ ಕೇಳಿದಳು.

“ಮರಿ ಇತ್ತು.”

ಶಶಿಪ್ರಭಾ ಎದ್ದು ಸೀರೆಯ ಮಣ್ಣು ಕೊಡವಿದಳು. “ಬಿಸಿಲು. ಬಾ ಅಮ್ಮ, ಗಂಜಿ ತಣಿಯಿತು.” ಬುಟ್ಟಿಯನ್ನು ಅವಳೇ ಹಿಡಿದುಕೊಂಡಳು.

ಭಾನುವಾರ ಎವ್ಲಿನ್ ಟೀಚರ್ ನೋಟ್‌ಬುಕ್ ಬಿಟ್ಟು ಬಿಳಿ ಕಾಗದ ತಂದರು. ಬಂಡೆಯ ಮೇಲೆ ಕುಳಿತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಹೇಳಿ ಎಂದರು. ಗುಲಾಬಿ ಹೇಳುತ್ತ ಹೋದಳು. ಗದ್ದೆ ಇದ್ದದ್ದು, ಕಡಿದದ್ದು, ಹೊತ್ತ ಆರು ಹೆಂಗಸರ ಹೆಸರು, ನೀರು ನಿಂತ ವರ್ಷ, ಬಾತುಗಳು ಬಂದ ವರ್ಷ, ಸಾರಮ್ಮನ ಹಕ್ಕಿ ಮೊದಲ ಸಲ ಮರಿ ಮಾಡಿದ ವರ್ಷ. ಟೀಚರ್ ಒಂದನ್ನೂ ಬಿಡಲಿಲ್ಲ. ಈ ಕಾಗದ ನಿಲ್ಲುತ್ತದೆಂಬ ಭರವಸೆ ತನಗಿಲ್ಲ ಎಂದೂ ಹೇಳಿದರು. ಗುಲಾಬಿ ಹೆಬ್ಬೆಟ್ಟು ಒತ್ತಿದಳು.

ಸೋಮವಾರ ಬೆಳಿಗ್ಗೆ ಶೆಟ್ಟರು ಛಾಪಾಕಾಗದ ಹಿಡಿದು ಬಂದರು. ಚಾವಡಿಯಲ್ಲಿ ಮಸಿಯ ಪ್ಯಾಡ್ ತೆರೆದಿಟ್ಟು, ಬರೆಸಿ ತಂದದ್ದನ್ನು ನಿಧಾನವಾಗಿ ಓದಿದರು. ಬಾಗಿಲಲ್ಲಿ ಶಶಿಪ್ರಭಾ ನಿಂತಿದ್ದಳು.

“ಸರಿ ಉಂಟಾ?”

“ಸರಿ ಉಂಟು. ಒಂದು ಅಕ್ಷರ ತಪ್ಪಿಲ್ಲ. ನಂತರದ್ದು ಎಲ್ಲಿ?”

“ನಂತರದ್ದು ಎಂಥದ್ದು?”

“ನಾವು ಬುಟ್ಟಿ ಕೆಳಗಿಟ್ಟ ದಿನಕ್ಕೆ ನಿಮ್ಮ ಕಾಗದ ಮುಗಿಯಿತು. ಅದರ ಮೇಲೆ ಇಪ್ಪತ್ತೆಂಟು ಮಳೆಗಾಲ ಆಗಿದೆ.”

ಶೆಟ್ಟರು ಕನ್ನಡಕ ತೆಗೆದರು. ಸಿಟ್ಟಾಗಲಿಲ್ಲ. “ಟೀಚರ ನಿನ್ನೆಯ ಕಾಗದದಲ್ಲೂ ನೀವೇ ತೋಡಿದ್ದು ಅಂತ ಉಂಟಂತೆ. ಅದಕ್ಕೆ ಸುಮ್ಮನೆ ಒತ್ತಿದ್ದೀರಿ. ಇದಕ್ಕೆ ಒತ್ತಲು ಎಂತ ಕಷ್ಟ?”

“ಅದರಲ್ಲಿ ನಂತರದ್ದೂ ಉಂಟು.”

ಶೆಟ್ಟರು ನಾಲ್ಕು ಸೆಂಟ್ಸ್ ಇದ್ದದ್ದನ್ನು ಐದು ಮಾಡಿದರು. ಮೂಲೆ ಯಾವುದು ಬೇಕೋ ಅವಳೇ ಆರಿಸಿಕೊಳ್ಳಲಿ, ಬಾವಿಯ ಕೆಲಸ ನಾಳೆಯೇ ಶುರುವಾಗಲಿ ಎಂದರು. ಲೈನ್ ಮನೆಗಳನ್ನು ದೀಪಾವಳಿಯ ಮೊದಲು ಕೆಡವಲೇಬೇಕು, ಅದು ತನ್ನ ಕೈಯಲ್ಲಿಲ್ಲ ಎಂದೂ ಸೇರಿಸಿದರು. ಗುಲಾಬಿ ಮಗಳತ್ತ ತಿರುಗಿದಳು. ಶಶಿಪ್ರಭಾ ಬಾಗಿಲ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ.

“ಬಾವಿಯ ಆಸೆ ಉಂಟು ಶೆಟ್ರೇ,” ಎಂದಳು ಗುಲಾಬಿ. “ತುಂಬ ಉಂಟು.”

ಶೆಟ್ಟರು ಪ್ಯಾಡನ್ನು ಅವಳ ಕೈಯ ಹತ್ತಿರಕ್ಕೆ ಸರಿಸಿದರು. “ಅವಸರ ಇಲ್ಲ. ಬೇಕಾದರೆ ಎರಡು ದಿನ ಯೋಚನೆ ಮಾಡಿ.”

“ಎರಡು ದಿನ ಯಾಕೆ? ಇದಕ್ಕೆ ನಾನು ಒತ್ತುವುದಿಲ್ಲ. ಬಾವಿ ಬೇಡ.”