ಒಂದೇ ಕುರ್ಚಿಗೆ ಇಬ್ಬರು

ನನ್ನ ಜೊತೆ ಕೆಲಸ ಮಾಡಲಾರೆವೆಂದು ಮೂವರು ಬಿಟ್ಟುಹೋಗಿದ್ದರು. ನಾಲ್ಕನೆಯವರು ಟೀಚರಮ್ಮ. ಮೊದಲು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರಂತೆ, ಅದಕ್ಕೇ ಆ ಹೆಸರು. ಅವರು ಯಾವುದೋ ಊರಿನ ತಮ್ಮ ಮನೆಯಲ್ಲಿ, ನಾನು ನಮ್ಮ ಮನೆಯ ಊಟದ ಮೇಜಿನ ಮುಂದೆ. ಪರದೆ ಮಾತ್ರ ಇಬ್ಬರಿಗೂ ಒಂದೇ. ಅರ್ಧ ಗಂಟೆ ಒಬ್ಬರು ಪ್ರೋಗ್ರಾಂ ಬರೆಯಬೇಕು, ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು, ಕೈಕಟ್ಟಿ ಕೂತು ತಪ್ಪು ಹುಡುಕಬೇಕು. ಕೈಕಟ್ಟುವುದೇ ನನ್ನಿಂದಾಗದ ಕೆಲಸ.

ನನಗಿಂತ ಹತ್ತು ವರ್ಷ ಚಿಕ್ಕವನಾದ ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದ: "ಸಂಜೆ ಐದಕ್ಕೆ ಫೋನ್ ಮಾಡಿ ಟೀಚರಮ್ಮನ್ನೇ ಕೇಳ್ತೀನಿ. ನಿಮ್ಮ ಜೊತೆ ಆಗಲ್ಲ ಅಂದ್ರೆ ನಾಳೆಯಿಂದ ನೀವು ದೂರು ಕೇಳೋ ಫೋನ್ ಹತ್ರ ಕೂರ್ಬೇಕು." ನಾನು ದೂರು ಕೇಳಿದರೆ ದೂರು ಕೊಟ್ಟವರೇ ಕ್ಷಮೆ ಕೇಳಿ ಫೋನಿಡುವಂತಾದೀತು.

ಅಂದಿನ ಕೆಲಸ ಹಲ್ಲಿನ ಆಸ್ಪತ್ರೆಯೊಂದರದು. ಕೌಂಟರಿನಲ್ಲಿ ಇಬ್ಬರು ಹುಡುಗಿಯರು ಕಂಪ್ಯೂಟರಿನಲ್ಲಿ ರೋಗಿಗಳಿಗೆ ಸಮಯ ಗೊತ್ತುಮಾಡುತ್ತಾರೆ. ವಾರಕ್ಕೊಮ್ಮೆಯಾದರೂ ಇಬ್ಬರು ರೋಗಿಗಳಿಗೆ ಒಂದೇ ಸಮಯ, ಒಂದೇ ಕುರ್ಚಿ! ನಾವು ಪರೀಕ್ಷಿಸಲು ಹೋದರೆ ಮಾತ್ರ ಪ್ರೋಗ್ರಾಂ ಏನೂ ಅರಿಯದ ಮಳ್ಳನಂತೆ ಇರುತ್ತಿತ್ತು.

ಟೀಚರಮ್ಮನ ಸರದಿ. ಒಂದೊಂದು ಅಕ್ಷರವನ್ನೂ ಹೂ ಪೋಣಿಸುವಂತೆ ಒತ್ತುತ್ತಿದ್ದರು. ನಾನು ನಡುವೆ ಮೌಸ್ ಎಳೆದೆ.

"ಸರ್, ಕೈ ತೆಗೀರಿ. ಇದು ಎರಡ್ನೇ ಸಲ. ಇನ್ನೊಂದ್ಸಲ ಆದ್ರೆ ಐದು ಗಂಟೆ ತನಕ ಕಾಯಲ್ಲ, ನಾನೇ ಮ್ಯಾನೇಜರ್‌ಗೆ ಫೋನ್ ಮಾಡ್ತೀನಿ."

"ಬೇಗ ಆಗ್ಲಿ ಅಂತ ಅಷ್ಟೇ!" ಎಂದು ಗುಡುಗಿದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಇವತ್ತು ನಿಮ್ಮ ಬಾಯಿಗೆ ಬಿದ್ದಿರೋದು ಯಾರ್ರೀ, ಪಾಪ?"

"ನಾನೇ ಅಂತ ಹೇಳಿ ಅಕ್ಕಂಗೆ," ಎಂದರು ಟೀಚರಮ್ಮ.

ಬಾಯಿ ಮುಚ್ಚಿದೆ. ಆದರೆ ಕೈ ಕೇಳಬೇಕಲ್ಲ! ಪಕ್ಕದಲ್ಲಿದ್ದ ಹಳೇ ಲ್ಯಾಪ್‌ಟಾಪನ್ನು ಸದ್ದಿಲ್ಲದೆ ತೆರೆದು ಅದೇ ಪ್ರೋಗ್ರಾಂಗೆ ಹೊಕ್ಕು, ಟೀಚರಮ್ಮ ಮಾಡುತ್ತಿದ್ದ ಪರೀಕ್ಷೆಯನ್ನೇ ನಾನೂ ನಡೆಸಿದೆ. ಒಬ್ಬ ಸುಳ್ಳು ರೋಗಿಗೆ ಬುಧವಾರ, ಹತ್ತು ಗಂಟೆ, ಎರಡನೇ ಕುರ್ಚಿ. ಗುಂಡಿ ಒತ್ತಿದೆ. ಅದೇ ಕ್ಷಣಕ್ಕೆ ಅವರೂ ಒತ್ತಿದರು.

"ಸರ್, ಬಂತು! ಒಂದೇ ಕುರ್ಚಿಗೆ ಇಬ್ರು!" ಎಂದು ಕಿರುಚಿದ ಟೀಚರಮ್ಮ ತಟ್ಟನೆ ಸಪ್ಪಗಾದರು. "ಆದ್ರೆ ನಾನು ಹಾಕಿದ್ದು ಒಬ್ಬನ್ನೇ ಅಲ್ವಾ? ಇನ್ನೊಬ್ಬ ಎಲ್ಲಿಂದ ಬಂದ? ನಾನೇ ಏನೋ ಕೆಡಿಸಿದೀನಿ ಅನ್ಸುತ್ತೆ."

ಬೆಳಿಗ್ಗೆಯಿಂದ ಬರೆದ ಸಾಲುಗಳನ್ನು ಅಳಿಸತೊಡಗಿದರು. ಸುಮ್ಮನಿದ್ದರೆ ನನ್ನ ಜಾಗ ಉಳಿಯುತ್ತಿತ್ತು. ಆದರೆ ತಪ್ಪಿಲ್ಲದ ಸಾಲುಗಳು ಒಂದೊಂದಾಗಿ ಹೋಗುವುದನ್ನು ನೋಡಲಾಗಲಿಲ್ಲ.

"ನಿಲ್ಸಿ ಟೀಚರಮ್ಮ! ಆ ಇನ್ನೊಬ್ಬನ್ನ ಕೂರಿಸಿದ್ದು ನಾನು. ಬೇರೆ ಲ್ಯಾಪ್‌ಟಾಪಿಂದ, ಕದ್ದು."

ಪರದೆಯ ಮೇಲೆ ಅಳಿಸುವುದು ನಿಂತಿತು.

"ಯಾವಾಗ ಒತ್ತಿದ್ರಿ?"

"ನೀವು ಒತ್ತಿದಾಗ್ಲೇ."

"ಅಂದ್ರೆ ಕೌಂಟರಿನ ಹುಡುಗೀರೂ..."

"ಹೂಂ! ಇಬ್ರೂ ಒಟ್ಟಿಗೆ ಒತ್ತಿದ್ರೆ ಎರಡ್ನೇದನ್ನ ತಡೆಯೋ ಸಾಲೇ ಪ್ರೋಗ್ರಾಂನಲ್ಲಿಲ್ಲ."

"ಅಯ್ಯೋ ದೇವ್ರೇ! ಸರದಿ ಪ್ರಕಾರ ಒಬ್ಬೊಬ್ರೇ ಒತ್ತಿದ್ರೆ ಇದು ಏಳು ಜನ್ಮಕ್ಕೂ ಸಿಗ್ತಿರ್ಲಿಲ್ಲ!" ಟೀಚರಮ್ಮ ಬಿದ್ದು ಬಿದ್ದು ನಕ್ಕರು.

ನಾಲ್ಕೂವರೆಗೆ ಆ ಸಾಲು ಸೇರಿಸಿ ಮುಗಿಸಿದೆವು. ಐದಕ್ಕೆ ಮ್ಯಾನೇಜರ್ ಇಬ್ಬರನ್ನೂ ಒಟ್ಟಿಗೆ ಫೋನಿಗೆ ಕರೆದ.

"ಇವ್ರು ಹೇಳಿದ ಮಾತು ಕೇಳಲ್ಲ, ಕದ್ದು ಕೈಯಾಡಿಸ್ತಾರೆ," ಎಂದರು ಟೀಚರಮ್ಮ. ನಾನು ಕಣ್ಣು ಮುಚ್ಚಿದೆ. "ಆದ್ರೆ ಕದ್ದಿದ್ದನ್ನ ತಾವೇ ಒಪ್ಕೋತಾರೆ. ದೂರು ಕೇಳೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಸರ್, ನಾಳೆ ಒಂಬತ್ತಕ್ಕೆ ಬನ್ನಿ. ಮೊದಲ್ನೇ ಸರದಿ ನಂದು."

"ಇವತ್ತೂ ನಿಮ್ದೇ ಆಗಿತ್ತಲ್ರೀ!" ಎಂದು ಅಲ್ಲೇ ಜಗಳ ತೆಗೆದೆ.