ಒಂದೂ ತಪ್ಪಿಸದವರು

"ಮೇಡಂರಿ, ನಾವು ನಾಕು ಮಂದಿ ಅಂಬರೀನ ಮೇಡಂ ಕ್ಲಾಸಿನ್ಯಾಗ ಕುಂದ್ರತೀವ್ರಿ" ಎಂದು ದೇವಾಪುರದ ಕವಿತಾ ಬಾಗಿಲಲ್ಲೇ ನಿಂತು ಕೇಳಿದಾಗ ಸಾವಿತ್ರಿಬಾಯಿ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಯಾಕ?"

"ನಾಳಿ ಟೆಸ್ಟ್ ಅದಲ್ರಿ. ಡೇಟಾಬೇಸಿನ ರಿಲೇಶನಲ್ ಆಲ್ಜೀಬ್ರಾ ಅವ್ರು ಆರಾಮ ತಿಳಿಯಂಗ ಹೇಳ್ತಾರ್ರಿ."

"ಹೋಗ್ರಿ."

ನಾಲ್ವರು ಎಂದಿದ್ದಳು, ಎದ್ದು ಹೋದವರು ಹನ್ನೊಂದು ಮಂದಿ. ಉಳಿದ ಆರು ಮಕ್ಕಳಿಗೆ ಓದಿಕೊಳ್ಳಲು ಹೇಳಿ ಸಾವಿತ್ರಿಬಾಯಿ ಕಿಟಕಿಯ ಬಳಿ ನಿಂತಳು. ಸುರಪುರದ ಈ ಕಾಲೇಜಿನಲ್ಲಿ ಆಕೆ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ದಿನಾ ಶಹಾಪುರದಿಂದ ಬಸ್ಸಿನಲ್ಲಿ ನಿಂತೇ ಬರುತ್ತಾಳೆ. ಅಂಬರೀನ ಇಲ್ಲಿ ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿಲ್ಲ. ಆದರೂ ಡೇಟಾಬೇಸ್ ಎಂದರೆ ಮಕ್ಕಳ ಬಾಯಲ್ಲಿ ಅವಳದೇ ಹೆಸರು. ಮುಂದಿನ ವರ್ಷಕ್ಕೆ ಇಬ್ಬರಲ್ಲಿ ಒಬ್ಬರೇ ಸಾಕು ಎಂದು ಪ್ರಾಚಾರ್ಯರು ಹೇಳಿದ ಮೇಲಂತೂ ಆ ಹುಡುಗಿ ನಕ್ಕರೂ ಸಾವಿತ್ರಿಬಾಯಿಗೆ ಮೈ ಉರಿಯುತ್ತಿತ್ತು.

ತಡೆಯಲಾಗದೆ ವರಾಂಡಕ್ಕೆ ಬಂದು ಪಕ್ಕದ ಕೋಣೆಯ ಬಾಗಿಲ ಮರೆಯಲ್ಲಿ ನಿಂತಳು. 'ಎಲ್ಲ ಪ್ರಯೋಗಗಳಿಗೂ ಬಂದ ವಿದ್ಯಾರ್ಥಿಗಳು ಯಾರು?' ಎಂಬ ಪ್ರಶ್ನೆ ಬೋರ್ಡಿನ ಮೇಲಿತ್ತು.

"ಬಂದವರನ್ನ ಹುಡುಕಬ್ಯಾಡ್ರಿ" ಎನ್ನುತ್ತಿದ್ದಳು ಅಂಬರೀನ. "ಒಂದಾದ್ರೂ ತಪ್ಪಿಸಿದವರನ್ನ ಹುಡುಕಿ ಹೊರಗ ಹಾಕ್ರಿ. ಉಳಿದವರೇ ಉತ್ತರ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಇದನ್ನೇ ಸಾವಿತ್ರಿಬಾಯಿ ಮೂರು ದಿನ ಎಳೆದಿದ್ದಳು.

ಅಷ್ಟರಲ್ಲಿ ಅಂಬರೀನ ಬೋರ್ಡಿನ ಮೇಲೆ ಸೂತ್ರ ಬರೆದಳು. ತಪ್ಪಿಸಿದವರು ಸಿಗಲು ಬರಬೇಕಾಗಿದ್ದ ಹಾಜರಿಯಿಂದ ಬಂದ ಹಾಜರಿಯನ್ನು ಕಳೆಯಬೇಕು. ಅವಳು ತಿರುವುಮುರುವು ಕಳೆದಿದ್ದಳು. ಹಾಗೆ ಕಳೆದರೆ ಏನೂ ಉಳಿಯುವುದಿಲ್ಲ, ಯಾರೂ ತಪ್ಪಿಸಿಲ್ಲ ಎಂದಾಗಿ ಇಡೀ ತರಗತಿಯೇ ಉತ್ತರವಾಗಿಬಿಡುತ್ತದೆ. ಮಕ್ಕಳು ತಲೆ ಬಗ್ಗಿಸಿ ಅದನ್ನೇ ಬರೆದುಕೊಳ್ಳುತ್ತಿದ್ದರು.

ಸಾವಿತ್ರಿಬಾಯಿ ತುಟಿ ಬಿಚ್ಚಲಿಲ್ಲ. ಬರೆಯಲಿ, ನಾಳೆ ಟೆಸ್ಟಿನಲ್ಲೂ ಹೀಗೇ ಬರೆಯಲಿ, ಪ್ರಾಚಾರ್ಯರಿಗೂ ಗೊತ್ತಾಗಲಿ. ಸ್ಟಾಫ್ ರೂಮಿಗೆ ಬಂದು ಕುಡಿದ ಚಹಾ ಅವತ್ತು ಬಹಳ ರುಚಿಯಾಗಿತ್ತು.

ಲೋಟ ಕೆಳಗಿಡುವುದರೊಳಗೆ ಅಂಬರೀನ ಬಂದಳು. ಹಳೆಯದೊಂದು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಅಕ್ಕಾರ, ಭಾಳ ಉಪಕಾರ ಆತ್ರಿ. ಈ ಪಾಠ ನನಗ ಪಕ್ಕಾ ಇರಲಿಲ್ರಿ. ಲೈಬ್ರರಿನ್ಯಾಗ ನಿಮ್ಮ ನೋಟ್ಸ್ ಸಿಕ್ತು, ಅದನ್ನೇ ಬೋರ್ಡಿನ ಮ್ಯಾಲ ಇಳಿಸೀನ್ರಿ. ಸಾವಿತ್ರಿ ಮೇಡಂ ಬರೆದದ್ದು ಅಂತ ಮಕ್ಕಳಿಗೂ ಹೇಳೀನಿ."

ಸಾವಿತ್ರಿಬಾಯಿ ಪುಟ ತೆರೆದಳು. ತನ್ನದೇ ಗುಂಡನೆಯ ಅಕ್ಷರ, ನಾಲ್ಕು ವರ್ಷದ ಹಿಂದಿನ ತಾರೀಖು. ಅವಸರದಲ್ಲಿ ಬರೆದ ಸೂತ್ರ ತಿರುವುಮುರುವಾಗಿತ್ತು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಪುಟ ಮುಚ್ಚಿದಳು. ಆಮೇಲೆ ಎದ್ದು, "ಬಾ ನನ್ನ ಜೋಡಿ" ಎಂದಳು.

ಅಂಬರೀನಳ ತರಗತಿಯಲ್ಲಿ ಮಕ್ಕಳು ಇನ್ನೂ ಎದ್ದಿರಲಿಲ್ಲ. ಸಾವಿತ್ರಿಬಾಯಿ ಸೀದಾ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು.

"ಇದು ತಪ್ಪು ಅದ. ಬರೆದಾಕಿ ನಾನೇ. ಅಂಬರೀನ ಮೇಡಂ ಅವರದಲ್ಲ."

ಅಂಗೈಯಿಂದಲೇ ಒರೆಸಿ, ಎರಡೂ ಬದಿ ಅದಲು ಬದಲು ಮಾಡಿ, ಉತ್ತರದವರೆಗೂ ಬರೆದು ತಿರುಗಿದಳು. ಕವಿತಾ ಸೇರಿ ಯಾರೂ ಬೋರ್ಡ್ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಬಾಗಿಲಲ್ಲಿ ನಿಂತ ಅಂಬರೀನಳ ಮೇಲಿತ್ತು. ಅವಳು ತುಟಿ ಅಲುಗಿಸುತ್ತ ಒಂದೊಂದೇ ಸಾಲು ಓದಿದಳು, ಮತ್ತೊಮ್ಮೆ ಓದಿದಳು, ಕೊನೆಗೆ ಹೌದೆಂದು ತಲೆಯಾಡಿಸಿದಳು.

ಆಗ ಪೆನ್ನುಗಳು ಓಡತೊಡಗಿದವು.